ದೊನ್ಯಾ ಎಲ್ಸಾಗೆ ಒಂದು ನಾಲಿಗೆ

"ಎರಡು ದಿನದ ಮಟ್ಟಿಗೆ ನಿನ್ನ ನಾಲಿಗೆ ಬೇಕು," ಎಂದರು ದೊನ್ಯಾ ಎಲ್ಸಾ ಫೋನಿನಲ್ಲಿ. ಹಲೋ ಇಲ್ಲ, ಹೇಗಿದ್ದೀಯ ಇಲ್ಲ.

ನಾನು ಮೆಲ್ಬರ್ನಿನ ಟಾರ್ನೀಟ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆ. ಬೆಳಗಿನ ರೈಲು ಹನ್ನೊಂದು ನಿಮಿಷ ತಡ ಎಂದು ಬೋರ್ಡು ಹೇಳುತ್ತಿತ್ತು. ನೋಡನೋಡುತ್ತಲೇ ಹದಿನಾಲ್ಕಾಯಿತು. ನನ್ನ ಸುತ್ತ ಎಲ್ಲರೂ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದರು. ಅವತ್ತಿನಿಂದ ನಾನೂ ಹಾಗೇ ಇದ್ದೆ, ಒಂದು ಕಾಲ ಮೇಲೆ.

ದೊನ್ಯಾ ಎಂದರೆ ಅವರ ಭಾಷೆಯಲ್ಲಿ ದೊಡ್ಡ ಹೆಂಗಸರಿಗೆ ಕೊಡುವ ಮರ್ಯಾದೆ. ನಿಕರಾಗುವಾ ದೇಶದಲ್ಲಿ ಯುದ್ಧ ನಡೆಯುತ್ತಿದ್ದಾಗ ಗಂಡನ ಜೊತೆ, ಐದು ವರ್ಷದ ಮಗನನ್ನು ಎತ್ತಿಕೊಂಡು ಸಿಡ್ನಿಗೆ ಬಂದವರು. ನಾನು ಓದಲು ಬಂದಾಗ ಫೇರ್‌ಫೀಲ್ಡಿನ ಅವರ ಮನೆಯ ಹಿಂದಿನ ಕೋಣೆಯಲ್ಲಿ ಮೂರು ವರ್ಷ ಇದ್ದೆ. ಅವರ ಒಲೆಯ ಮೇಲೆ ದಿನವೂ ಮಾಂಸ. ನನ್ನದು ಮೂಲೆಯಲ್ಲೊಂದು ಎಲೆಕ್ಟ್ರಿಕ್ ರೈಸ್ ಕುಕ್ಕರ್. ಅನ್ನವೂ ಅದರಲ್ಲೇ, ಸಾರೂ ಅದರಲ್ಲೇ. "ಬೆಂಕಿಯಿಲ್ಲದ ಪೆಟ್ಟಿಗೆಯಲ್ಲಿ ಊಟ ಹುಟ್ಟುತ್ತದೆಯೇ?" ಎಂದು ಅದನ್ನು ಕಂಡಾಗಲೆಲ್ಲ ಮೂಗು ಮುರಿಯುತ್ತಿದ್ದರು. ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ಶುಕ್ರವಾರಗಳಲ್ಲಿ ಮಾತ್ರ ಅವರು ಮಾಂಸ ಮುಟ್ಟುವುದಿಲ್ಲ. ಆ ಶುಕ್ರವಾರಗಳಿಗೆಂದೇ ಒಂದು ಸೂಪು: ಚೀಸಿನ ಸೂಪು. ಆ ಮನೆಯಲ್ಲಿ ನಾವಿಬ್ಬರೂ ಒಂದೇ ಪಾತ್ರೆಯಿಂದ ಉಂಡದ್ದು ಅದೊಂದನ್ನೇ. ಮೊದಲ ಸಲ ಬಟ್ಟಲಿನಲ್ಲಿ ತೇಲುತ್ತಿದ್ದ ಕರಿದ ಬಳೆಗಳನ್ನು ನೋಡಿ ನಾನು "ಕೋಡುಬಳೆ!" ಎಂದು ಕಿರುಚಿದ್ದೆ. ಆಮೇಲೆ ಅವರೂ ಅದನ್ನು ಕೋಡುಬಳೆ ಎಂದೇ ಕರೆದರು.

"ಆಗಸ್ಟಿನಲ್ಲಿ ಜ್ವರ ಬಂತಲ್ಲ, ಅದು ಹೋಗುವಾಗ ಮೂಗನ್ನು ತೆಗೆದುಕೊಂಡು ಹೋಯಿತು," ಎಂದರು. "ವಾಸನೆ ಇಲ್ಲ. ವಾಸನೆ ಹೋದ ಮೇಲೆ ನಾಲಿಗೆಯೂ ಸತ್ತಿತು. ಉಪ್ಪೂ ಒಂದೇ, ಮರಳೂ ಒಂದೇ. ಡ್ಯಾನಿಲೋಗೆ ಹೇಳಿಲ್ಲ."

ಡ್ಯಾನಿಲೋ ಅವರ ಮಗ. ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ ಮನೆ. ಅಪ್ಪ ತೀರಿಕೊಂಡ ಮೇಲೆ ಹಿತ್ತಿಲಲ್ಲಿ ಅಮ್ಮನಿಗೆಂದೇ ಒಂದು ಕೋಣೆ, ಒಂದು ಬಚ್ಚಲು ಕಟ್ಟಿಸಿ ಎರಡು ವರ್ಷದಿಂದ ಕರೆಯುತ್ತಿದ್ದಾನೆ. ಕ್ರಿಸ್ಮಸ್ಸಿಗೆ ಬಂದಾಗ ಊಟದಲ್ಲಿ ಉಪ್ಪೇ ಇಲ್ಲವೆಂದು ಅವನಿಗೆ ಸಂಶಯ ಬಂದಿತ್ತಂತೆ. ಡಾಕ್ಟರು ಉಪ್ಪು ಬಿಡಿಸಿದ್ದಾರೆ ಎಂದು ಇವರು ತಪ್ಪಿಸಿಕೊಂಡಿದ್ದರು. ಈಗ ಗುಡ್ ಫ್ರೈಡೇ ಊಟಕ್ಕೆ ಬರುತ್ತಾನೆ.

"ಆ ಸೂಪನ್ನು ನಲವತ್ತು ವರ್ಷದಿಂದ ಕುಡಿಯುತ್ತಿದ್ದಾನೆ. ಅದರಲ್ಲಿ ತಪ್ಪಿದರೆ ಮುಗಿಯಿತು. ಈ ಮನೆಗೆ ಬೀಗ ಹಾಕಿ ನನ್ನನ್ನು ಸೂಟ್‌ಕೇಸಿನ ಹಾಗೆ ಎತ್ತಿಕೊಂಡು ಹೋಗುತ್ತಾನೆ. ನೀನು ಬಂದು ರುಚಿ ನೋಡಿ ಹೇಳು, ಅಷ್ಟೇ. ಕೈ ನನ್ನದು, ನಾಲಿಗೆ ನಿನ್ನದು."

ಬರುತ್ತೇನೆ ಎಂದೆ. ರೈಲು ಬಂತು. ಹತ್ತಿದ ಮೇಲೂ ನನ್ನ ಎದೆ ಪ್ಲಾಟ್‌ಫಾರ್ಮಿನಲ್ಲೇ ನಿಂತಿತ್ತು.

ಗುರುವಾರ ಬೆಳಗ್ಗೆ ನನ್ನ ಗಂಡ ಶ್ರೀನಾಥ್ ತನ್ನ ವ್ಯಾನಿನಲ್ಲೇ ಏರ್‌ಪೋರ್ಟಿಗೆ ಬಿಟ್ಟ. ಗದಗಿನವನು. ಐಟಿ ಓದಲು ಬಂದು ಪ್ಲಂಬರ್ ಆದವನು. ನಲ್ಲಿ, ಗೀಸರ್, ಗ್ಯಾಸ್ ಪೈಪು ಎಲ್ಲ ಅವನ ಕೆಲಸ. ವ್ಯಾನಿನ ಹಿಂದೆ ಸ್ಪ್ಯಾನರುಗಳು ತಿರುವಿನಲ್ಲೆಲ್ಲ ಗಲಗಲ ಎನ್ನುತ್ತಿದ್ದವು.

"ಅಲ್ಲ, ನನಗೊಂದು ಮಾತು ಹೇಳು," ಎಂದ. "ಮದುವಿಯಾಗಿ ಎರಡು ವರ್ಷ ಆತು. ಒಂದ್ ಸಲರ ಸಾರು ರುಚಿ ನೋಡಿ ಬಡಿಸೀಯೇನು ನೀ?"

"ಅಜ್ಜಿ ನೋಡ್ತಿರ್ಲಿಲ್ಲ. ದೇವರಿಗೆ ಇಡೋ ಮುಂಚೆ ಬಾಯಿಗೆ ಹಾಕಿದ್ರೆ ಎಂಜಲಾಗುತ್ತೆ ಅಂತ."

"ದೇವರಿಗಿ ಇಡದ ದಿನಾನೂ ನೋಡಂಗಿಲ್ಲಲ್ಲ ನೀ. ಪಾಸ್ತಾಕ್ಕೂ ನೋಡಂಗಿಲ್ಲ. ಇಂಥಾಕಿನ್ನ ಕರಸ್ಯಾರಲ್ಲೋ ಯಪ್ಪಾ, ರುಚಿ ನೋಡಾಕ!"

"ನಂಗೆ ವಾಸನೇಲೇ ಗೊತ್ತಾಗುತ್ತೆ ರೀ."

"ಹೂಂ. ನನಗ ಬಾಯಾಗ ಇಟ್ಟ ಮ್ಯಾಲ ಗೊತ್ತಾಗತೈತಿ," ಎಂದು ನಕ್ಕ.

ನಗಲಿ. ನನ್ನನ್ನು ಬೆಳೆಸಿದವರು ಭಾಗೀರಥಿ ಅಜ್ಜಿ, ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡ್ ಹಿಂದಿನ ಎರಡು ಕೋಣೆಯ ಮನೆಯಲ್ಲಿ. ಅವರು ಒಲೆಯ ಮುಂದೆ ಕೂತು ಸೌಟಿನ ಹಬೆಯನ್ನು ಮೂಗಿನ ಹತ್ತಿರ ಎಳೆದುಕೊಂಡು, ಕಣ್ಣು ಮುಚ್ಚಿ, "ಇನ್ನೊಂದು ಚಿಟಿಕೆ" ಎನ್ನುತ್ತಿದ್ದರು. ಆ ಚಿಟಿಕೆ ಎಂದೂ ತಪ್ಪಿದ್ದಿಲ್ಲ. ಜೊತೆಗೊಂದು ಕಥೆ. ನಾಗರಾಜನಿಗೆಂದು ಮಾಡಿಟ್ಟ ಪಾಯಸವನ್ನು ಯಾರೂ ನೋಡದ ಹೊತ್ತಿನಲ್ಲಿ ಬೆರಳಲ್ಲಿ ನೆಕ್ಕಿದ ಕಿರಿಸೊಸೆ, ಬೆರಳಿನಿಂದ ಶುರುವಾಗಿ ಮೊಣಕೈವರೆಗೆ, ಆಮೇಲೆ ಭುಜ, ಆಮೇಲೆ ನಾಲಿಗೆ, ಹೀಗೆ ಕಲ್ಲಾಗುತ್ತ ಹೋದಳು. "ಕೊನೇಗೆ ಕಣ್ಣು ಮಾತ್ರ ಮಿಟುಕ್ತಾ ಇತ್ತು ಕಣೇ," ಎಂದು ಅಜ್ಜಿ ಹೇಳುವಾಗ ನಾನು ನನ್ನ ಬೆರಳುಗಳನ್ನು ಲಂಗದೊಳಗೆ ಬಚ್ಚಿಟ್ಟುಕೊಳ್ಳುತ್ತಿದ್ದೆ. ನನಗೆ ಮೂವತ್ತು ವರ್ಷವಾದರೂ ಕುದಿಯುವ ಪಾತ್ರೆಯಿಂದ ಚಮಚ ಎತ್ತಿದರೆ ತುಟಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಇದನ್ನು ದೊನ್ಯಾ ಎಲ್ಸಾಗೆ ಹೇಳಬೇಕಿತ್ತು. ಅವರು ಕರೆದ ಖುಷಿಯಲ್ಲಿ ಹೇಳಲಿಲ್ಲ.

ಮಧ್ಯಾಹ್ನ ಎರಡರ ಹೊತ್ತಿಗೆ ಫೇರ್‌ಫೀಲ್ಡಿನ ಮನೆ ತಲುಪಿದೆ. ಎಂದಿನಂತೆ ಹಿತ್ತಿಲ ಬಾಗಿಲಿನಿಂದ ಒಳಗೆ ಕಾಲಿಟ್ಟೆ. ವಾಸನೆ ಮುಖಕ್ಕೆ ಹೊಡೆಯಿತು. ಕೊಳೆತ ಮೊಟ್ಟೆಯಂಥದ್ದು. ಗ್ಯಾಸ್. ಏಪ್ರಿಲ್ ತಿಂಗಳ ತಂಪಿಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ದೊನ್ಯಾ ಎಲ್ಸಾ ಒಲೆಯ ಮುಂದೆ ನನಗೆ ಬೆನ್ನು ಹಾಕಿ ನಿಂತು ಬೆಂಕಿಪೊಟ್ಟಣ ತೆರೆಯುತ್ತಿದ್ದರು.

"ಬೇಡ!" ಕನ್ನಡದಲ್ಲೇ ಕಿರುಚಿದೆ. ಬ್ಯಾಗು ಎಸೆದು ಹೋಗಿ ಅವರ ಮಣಿಕಟ್ಟು ಹಿಡಿದೆ. ಕಡ್ಡಿ ಇನ್ನೂ ಗೀರಿರಲಿಲ್ಲ. ಮೂಲೆಯ ಒಲೆಯ ಗುಂಡಿ ಅರ್ಧ ತಿರುಗಿತ್ತು, ಮೇಲೆ ಉರಿ ಇರಲಿಲ್ಲ. ಅದನ್ನು ಮುಚ್ಚಿ, ಕಿಟಕಿಗಳನ್ನೆಲ್ಲ ತೆರೆದು, ಅವರನ್ನು ಎಳೆದುಕೊಂಡು ಹಿತ್ತಿಲಿಗೆ ಹೋದೆ.

ಅವರಿಗೆ ನಾಚಿಕೆಯಾಗಿತ್ತು. ತಬ್ಬಿಕೊಳ್ಳಲೂ ಇಲ್ಲ. ಕಿತ್ತಳೆ ಮರದ ಕಾಂಡಕ್ಕೆ ಕೈಯಾನಿಸಿ, "ಊಟ ಆಯ್ತಾ?" ಎಂದು ನಾನು ಕಲಿಸಿದ್ದ ಕನ್ನಡದಲ್ಲೇ ಕೇಳಿದರು.

"ದೊನ್ಯಾ, ಹೀಗೆ ಎಷ್ಟು ಸಲ ಆಗಿದೆ?"

"ಇದೇ ಮೊದಲು."

ನಾನು ಅವರ ಕೈಯಲ್ಲಿದ್ದ ಬೆಂಕಿಪೊಟ್ಟಣ ತೆಗೆದುಕೊಂಡೆ.

"ಮೂರನೆಯದು," ಎಂದರು. "ಮಿಹಾ, ಡ್ಯಾನಿಲೋಗೆ ಬೇಡ. ನಾಳೆ ಒಂದು ದಿನ. ನನ್ನ ಗಂಡ ಆ ಕೋಣೆಯಲ್ಲಿ ಸತ್ತ. ಈ ಮರ ನಾನು ನೆಟ್ಟದ್ದು. ಈ ವಯಸ್ಸಿನಲ್ಲಿ ಮಗನ ಹಿತ್ತಿಲಿನಲ್ಲಿ ನಾನು ಯಾರು?"

ಮಿಹಾ ಎಂದರೆ ನನ್ನ ಮಗಳೇ ಎಂದು. ಆ ಮಾತು ಬಂದರೆ ನಾನು ಸೋಲುತ್ತೇನೆಂದು ಅವರಿಗೆ ಗೊತ್ತು. ಅವರು ಒಳಗೆ ಹೋದ ಮೇಲೆ ಅದೇ ಮರದ ಕೆಳಗಿನಿಂದ ಶ್ರೀನಾಥನಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡ.

"ಮೀಟರ್ ಎಲ್ಲೈತಿ? ಮನಿ ಪಕ್ಕಕ್ಕ ಇರತೈತಿ ನೋಡು. ಅದರ ಕೀಲಿ ಅಡ್ಡ ತಿರುವು, ಗ್ಯಾಸ್ ಬಂದ್ ಆಗತೈತಿ."

"ನಾಳೆ ಸೂಪ್ ಮಾಡ್ಬೇಕಲ್ಲ ರೀ."

"ಸೂಪಾ?" ಎಂದ. "ಪೈಪು ಲೀಕ್ ಆಗಿದ್ರ ನಾ ಬಂದು ರಿಪೇರಿ ಮಾಡ್ತಿದ್ದೆ. ಮೂಗು ಇಲ್ಲದ್ದಕ್ಕ ಯಾವ ಸ್ಪ್ಯಾನರ್ ಹಚ್ಚಲಿ ನಾ?"

"ನಾನಿರೋವರೆಗೂ ಒಲೆ ನಾನೇ ಹಚ್ತೀನಿ, ನಾನೇ ಆರಿಸ್ತೀನಿ. ಪ್ರಾಮಿಸ್."

"ನೀ ಶನಿವಾರ ಹೊಳ್ಳಿ ಬರ್ತೀ. ಐತವಾರ ಯಾರು ಹಚ್ಚಾವ್ರು?" ಉತ್ತರಕ್ಕೆ ಕಾಯಲಿಲ್ಲ. "ನೋಡು, ಗ್ಯಾಸಿನ ವಿಷಯದಾಗ ನನಗ ಕಥಿ ಹೇಳಬ್ಯಾಡ. ನಾಳೆ ಸಂಜಿ ಐದರ ತನಕ ಟೈಮ್ ಕೊಡ್ತೀನಿ. ನೀ ಹೇಳಲಿಲ್ಲಂದ್ರ ನಾನ ಡ್ಯಾನಿಲೋಗ ಫೋನ್ ಹಚ್ತೀನಿ. ಅವನ ಗೀಸರ್ ನಾನ ಹಾಕಿಕೊಟ್ಟಾವ, ನಂಬರ್ ಐತಿ ನನ್ನ ಕಡೆ."

ಇಟ್ಟುಬಿಟ್ಟ. ಐದು ಗಂಟೆ ಎನ್ನುವುದು ಆ ಕ್ಷಣದಿಂದ ನನ್ನ ಹೊಟ್ಟೆಯಲ್ಲಿ ಒಂದು ಗಡಿಯಾರದ ಹಾಗೆ ಕೂತಿತು.

ಆ ಸಂಜೆ ನಾವು ಜೋಳದ ಕೆಲಸಕ್ಕೆ ಕೂತೆವು. ಬಿಳಿ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಯಲು ಬಿಡಬೇಕು. ಅಂಗಡಿಯಲ್ಲಿ ಸಿದ್ಧ ಹಿಟ್ಟು ಸಿಗುತ್ತದೆ, ಆದರೆ ಗುಡ್ ಫ್ರೈಡೇಗೆ ಅವರು ಅದನ್ನು ಮುಟ್ಟುವುದಿಲ್ಲ. ಬರೀ ಮೆಕ್ಕೆಜೋಳದ ಹಿಟ್ಟು ಕೈಯಲ್ಲಿ ನಿಲ್ಲದು, ಎಣ್ಣೆಗೆ ಬಿಟ್ಟರೆ ಪುಡಿಯಾಗುತ್ತದೆ. ಟಾರ್ನೀಟಿನ ಇಂಡಿಯನ್ ಅಂಗಡಿಯ ಹಿಟ್ಟಿನಲ್ಲಿ ಪ್ರಯತ್ನಿಸಿ ನಾನೊಮ್ಮೆ ಕೈ ಸುಟ್ಟುಕೊಂಡಿದ್ದೆ. ಸುಣ್ಣದ ನೀರು ಸಿಪ್ಪೆಯನ್ನು ಕರಗಿಸಿ ಕಾಳಿಗೆ ಅಂಟು ತರುತ್ತದೆ. ಪಾತ್ರೆಯ ಹಬೆಗೆ ಮುಖವೊಡ್ಡಿದರೆ ಅಜ್ಜಿಯ ಎಲೆಅಡಿಕೆ ಡಬ್ಬಿಯ ಮುಚ್ಚಳ ತೆಗೆದ ಹಾಗೆ. ಅದೇ ಸುಣ್ಣ, ಅದೇ ಘಾಟು, ಮಳೆಯಲ್ಲಿ ನೆನೆದ ಕಲ್ಲಿನಂಥ ವಾಸನೆ.

"ಈಗ ಹೇಗಿದೆ ವಾಸನೆ? ಹೇಳು," ಎಂದು ದೊನ್ಯಾ ಎಲ್ಸಾ ಪಕ್ಕಕ್ಕೆ ಬಂದು ನಿಂತರು. ಆ ಹಬೆಗೆ ಅವರೂ ಮುಖವೊಡ್ಡಿದ್ದರು. ಕನ್ನಡಕ ಮಂಜಾಯಿತು, ಅಷ್ಟೇ.

ನಾನು ಅಜ್ಜಿಯ ಡಬ್ಬಿಯ ಕಥೆ ಶುರು ಮಾಡಿದೆ. ಹಿತ್ತಾಳೆಯ ಡಬ್ಬಿ, ಅದರ ಮೇಲಿನ ನವಿಲು, ನವಿಲಿನ ಕಣ್ಣಿಗೆ ಇಟ್ಟಿದ್ದ ಕೆಂಪು ಕಲ್ಲು. ಅರ್ಧಕ್ಕೇ ಅವರು ಕೈಯೆತ್ತಿ ನಿಲ್ಲಿಸಿದರು.

"ನವಿಲು ಬೇಡ. ಜೋಳ ಬೆಂದಿದೆಯಾ ಇಲ್ಲವಾ?"

ಕನಸು ಕಾಣುವವರಿಗೆ ಯಾರಾದರೂ ಹೀಗೆ ಕೇಳಿದರೆ ಮೈ ಚುರ್ ಎನ್ನುತ್ತದೆ. ಬೆಂದಿದೆ ಎಂದೆ.

ಶುಕ್ರವಾರ ಬೆಳಗ್ಗೆ ಎಂಟಕ್ಕೇ ಶುರು. ಡ್ಯಾನಿಲೋ ಹನ್ನೆರಡೂವರೆಗೆ ಬರುತ್ತಾನೆ. ಗುಂಡಿ ತಿರುವುವುದು ನಾನು, ಕಡ್ಡಿ ಗೀರುವುದು ನಾನು. ಪ್ರತಿ ಸಲವೂ ಉರಿ ಹತ್ತಿತೇ ಎಂದು ಬಗ್ಗಿ ನೋಡಿದೆ. ಬಗ್ಗಿದಾಗಲೆಲ್ಲ ಗೋಡೆಯ ಗಡಿಯಾರವನ್ನೂ ನೋಡಿದೆ.

ದೊಡ್ಡ ಪಾತ್ರೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ದಪ್ಪ ಮೆಣಸಿನಕಾಯಿ, ಟೊಮೇಟೊ ಬಾಡಿಸಿ, ಬಣ್ಣಕ್ಕೆಂದೇ ಹಾಕುವ ಕೆಂಪು ಬೀಜಗಳನ್ನು ಎಣ್ಣೆಯಲ್ಲಿ ಕಾಯಿಸಿ ಆ ಎಣ್ಣೆಯನ್ನೂ ನೀರನ್ನೂ ಸೇರಿಸಿದೆವು. ನೀರು ಕುಂಕುಮದ ಬಣ್ಣಕ್ಕೆ ತಿರುಗಿತು. ರುಬ್ಬಿದ ಜೋಳದ ಹಿಟ್ಟಿಗೆ ದೊನ್ಯಾ ಎಲ್ಸಾ ಗಟ್ಟಿ ಬಿಳಿ ಚೀಸನ್ನು ತುರಿದು ಹಾಕಿ ನಾದಿದರು. ನಾದುವಾಗ ಮಾತ್ರ ಅವರ ಮುಖದ ಗೆರೆಗಳು ಸಡಿಲಾದವು.

"ನಿನ್ನ ಕೈಗೆ ಬಿಡುತ್ತೇನೆ," ಎಂದು ಹಿಟ್ಟನ್ನು ನನ್ನ ಕಡೆ ದೂಡಿದರು. ಅಂಗೈಯಲ್ಲಿ ಹೊಸೆದು, ಬೆರಳಿಗೆ ಸುತ್ತಿ, ಎರಡು ತುದಿ ಸೇರಿಸಿ ಒತ್ತುವುದು. ಗೌರಿ ಹಬ್ಬಕ್ಕೆ ಅಜ್ಜಿಯ ಪಕ್ಕ ಕೂತು ನೂರಾರು ಮಾಡಿದ ಕೈ ಇದು. ಒಂದೇ ಅಳತೆಯ ಬಳೆಗಳು ತಟ್ಟೆಯ ತುಂಬ ಬಂದವು.

"ನೋಡು, ನಿನ್ನಜ್ಜಿ ನಮ್ಮ ದೇಶದವಳು," ಎಂದರು ದೊನ್ಯಾ.

"ಅಜ್ಜಿ ಹಾಸನ ದಾಟಿ ಹೋದವರಲ್ಲ."

"ಹಾಗಾದರೆ ನನ್ನಜ್ಜಿ ಅಲ್ಲಿಗೆ ಹೋಗಿರಬೇಕು. ಓಡಿಹೋಗುವ ಚಟ ನಮ್ಮವರದು."

ಬಳೆಗಳು ಎಣ್ಣೆಯಲ್ಲಿ ಹೊಂಬಣ್ಣಕ್ಕೆ ಬಂದವು. ಮನೆಯೆಲ್ಲ ಹಬ್ಬದ ವಾಸನೆ; ನನ್ನೊಬ್ಬಳಿಗೆ. ಹುಳಿಗೆ ಅವರ ಮರದ ಹುಳಿ ಕಿತ್ತಳೆಯೇ ಬೇಕು. ನಮ್ಮ ಹೇರಳೆಕಾಯಿಯ ತಂಗಿ ಅದು, ಅದೇ ದಪ್ಪ ತೊಗಟೆ, ಅದೇ ಮೂಗಿಗೇರುವ ಕಹಿ. ನಾನು ಕೊಯ್ಯಲು ಹಿತ್ತಿಲಿಗೆ ಹೋದೆ. ಹೋದವಳು ಬೇಗ ಬರಬೇಕಿತ್ತು. ಮನೆಯ ಪಕ್ಕದ ಗೋಡೆಗೆ ಬೂದು ಬಣ್ಣದ ಮೀಟರು ಕಂಡಿತು. ಅದರ ಕೀಲಿಯನ್ನು ನೋಡುತ್ತ ನಿಂತೆ. ಅಡ್ಡ ತಿರುವಿದರೆ ಸೂಪಿಲ್ಲ. ತಿರುವದಿದ್ದರೆ ಭಾನುವಾರ? ಭಾನುವಾರ ಬೆಳಗ್ಗೆ ದೊನ್ಯಾ ಕಾಫಿಗೆಂದು ಕಡ್ಡಿ ಗೀರುವುದು ಕಣ್ಣ ಮುಂದೆ ಬಂತು. ಸುಟ್ಟು ಕರಿಯಾದ ಒಂದು ಮನೆ ಕಾಣಿಸಿತು, ಕಲ್ಲಾದ ಸೊಸೆಯ ಕಣ್ಣಿನ ಹಾಗೆ ಒಳಗೊಂದು ಕಿಡಿ ಮಾತ್ರ ಮಿಟುಕುತ್ತ. ಎಷ್ಟು ಹೊತ್ತು ನಿಂತೆನೋ. ಒಳಗೆ ಬಂದಾಗ ಸಾರು ಕುದಿಯುತ್ತಿತ್ತು, ದೊನ್ಯಾ ಪುದೀನ ಬಿಡಿಸುತ್ತಿದ್ದರು.

ರಸ ಹಿಂಡಿದೆ. ಹಾಲು ಸೇರಿಸಿದೆ. ಉಪ್ಪಿನ ಡಬ್ಬಿ ಒಲೆಯ ಪಕ್ಕದಲ್ಲೇ ತೆರೆದಿತ್ತು. ಅಜ್ಜಿಯ ಲೆಕ್ಕ ನನ್ನ ಕೈಗಿದೆ: ಇಷ್ಟು ಜನಕ್ಕೆ ಇಷ್ಟು ಹಿಡಿ. ಹಾಕಿದೆ. ಕೊನೆಯ ಚೀಸಿನ ತುಂಡುಗಳು, ಬಳೆಗಳು, ಪುದೀನ.

"ಈಗ," ಎಂದರು ದೊನ್ಯಾ ಎಲ್ಸಾ. ಕುರ್ಚಿ ಎಳೆದು ನನ್ನೆದುರು ಕೂತು ಎರಡೂ ಕೈಗಳನ್ನು ಮೇಜಿನ ಮೇಲೆ ಇಟ್ಟರು, ಪರೀಕ್ಷೆಗೆ ಕೂತವರ ಹಾಗೆ. "ರುಚಿ ನೋಡು."

ಚಮಚ ಎತ್ತಿದೆ. ಹಬೆ ಮೂಗಿಗೆ ಬಂತು: ಹುಳಿ, ಪುದೀನ, ಕರಿದ ಜೋಳ. ಎಲ್ಲ ಸರಿಯಾಗಿದೆ ಎಂದಿತು ಮೂಗು. ಚಮಚ ತುಟಿಗೆ ತಾಗಿತು, ತುಟಿ ಮುಚ್ಚಿಕೊಂಡಿತು. ಹೊರಗೆ ಕಾರಿನ ಬಾಗಿಲು ಬಡಿದ ಸದ್ದು. ಹನ್ನೆರಡು ಇಪ್ಪತ್ತು. ದೊನ್ಯಾ ಎದ್ದು ಕಿಟಕಿಯ ಕಡೆ ನೋಡಿದರು, ಮತ್ತೆ ನನ್ನ ಕಡೆ ತಿರುಗಿದರು.

"ಹೇಗಿದೆ?"

"ಸರಿಯಾಗಿದೆ," ಎಂದೆ. ಚಮಚವನ್ನು ಸಿಂಕಿನಲ್ಲಿ ಹಾಕಿದೆ.

ಡ್ಯಾನಿಲೋ ಏರ್‌ಪೋರ್ಟಿನಿಂದ ಬಾಡಿಗೆ ಕಾರಿನಲ್ಲಿ ಬಂದಿದ್ದ. ಅಮ್ಮನನ್ನು ತಬ್ಬಿ, ನನ್ನ ಕೈ ಕುಲುಕಿ, "ನಿಮ್ಮ ಗಂಡ ಹಾಕಿದ ಗೀಸರ್ ರಾಕೆಟ್ ಹಾಗಿದೆ," ಎಂದ. ನನ್ನ ಹೊಟ್ಟೆಯ ಗಡಿಯಾರ ಒಮ್ಮೆ ಹೊಡೆಯಿತು. ಅಮ್ಮ ಸ್ಪ್ಯಾನಿಷಿನಲ್ಲಿ ಕೇಳಿದ್ದಕ್ಕೆಲ್ಲ ಅವನು ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ, ಟಾರ್ನೀಟಿನ ನಮ್ಮ ಕನ್ನಡ ಮನೆಗಳ ಮಕ್ಕಳ ಹಾಗೆ. ಕೂರುವ ಮೊದಲೇ ಫೋನು ತೆಗೆದು ಹಿತ್ತಿಲ ಕೋಣೆಯ ಫೋಟೋ ತೋರಿಸಿದ.

"ನೋಡಮ್ಮ, ಕಿಟಕಿ ದೊಡ್ಡದು ಮಾಡಿಸಿದ್ದೀನಿ."

"ಒಲೆ ಎಲ್ಲಿ?"

"ಒಲೆ ಯಾಕಮ್ಮ? ನಾವಿರೋದಿಲ್ವಾ?"

"ಸೂಪು ಆರುತ್ತದೆ, ಕೂತುಕೋ," ಎಂದರು ದೊನ್ಯಾ.

ಹಾಲು ಉಳಿದಿತ್ತೆಂದು ಸಣ್ಣ ಪಾತ್ರೆಯಲ್ಲಿ ಸಣ್ಣ ಉರಿಗೆ ಇಟ್ಟು ನಾನೂ ಕೂತೆ. ಮೂವರಿಗೂ ದೊನ್ಯಾ ತಾವೇ ಬಡಿಸಿದರು. ಶಿಲುಬೆಯ ಗುರುತು ಮಾಡಿಕೊಂಡು, ಕಣ್ಣು ಮುಚ್ಚಿ ಏನೋ ಹೇಳಿಕೊಂಡು, "ಊಟ ಮಾಡಿ" ಎಂದರು.

ಡ್ಯಾನಿಲೋ ಮತ್ತು ನಾನು ಒಟ್ಟಿಗೇ ಮೊದಲ ಚಮಚ ಬಾಯಿಗಿಟ್ಟೆವು.

ಉಪ್ಪು. ಬರೀ ಉಪ್ಪು. ಕೆನ್ನೆಯ ಒಳಭಾಗ ಎಳೆದುಕೊಂಡಿತು, ಕಣ್ಣಲ್ಲಿ ನೀರು ಬಂತು. ನುಂಗಲೂ ಆಗದೆ ಉಗುಳಲೂ ಆಗದೆ ತಲೆ ಎತ್ತಿದರೆ ಡ್ಯಾನಿಲೋನ ಮುಖವೂ ಹಾಗೇ ಇತ್ತು. ಅವನ ಚಮಚ ಬಟ್ಟಲಿನ ಅಂಚಿನಲ್ಲಿ ನಿಂತಿತ್ತು.

ದೊನ್ಯಾ ಎಲ್ಸಾ ಉಣ್ಣುತ್ತಿದ್ದರು. ಒಂದು ಚಮಚ, ಇನ್ನೊಂದು. ಬಳೆಯೊಂದನ್ನು ಕಚ್ಚಿ, ಅಗಿದು, ನುಂಗಿ, ತುಟಿಯನ್ನು ಕರವಸ್ತ್ರಕ್ಕೆ ಒತ್ತಿಕೊಂಡರು. ನಾನು ಸರಿಯಾಗಿದೆ ಎಂದಿದ್ದೆನಲ್ಲ, ಆ ನಂಬಿಕೆಯಲ್ಲಿ ಅವರ ಮುಖ ಬೆಳಗುತ್ತಿತ್ತು.

"ನಿನ್ನಪ್ಪನಿದ್ದಾಗ ಮಾಡುತ್ತಿದ್ದೆನಲ್ಲ, ಥೇಟ್ ಹಾಗೇ ಬಂದಿದೆ. ಅಲ್ಲವೇನೋ?" ಎಂದು ಮಗನನ್ನು ಕೇಳಿದರು.

ಅವನು ಅಮ್ಮನ ಕೈಯನ್ನು, ಚಮಚವನ್ನು, ಅದು ಬಾಯಿಗೆ ಹೋಗಿ ಖಾಲಿಯಾಗಿ ಬರುವುದನ್ನು ನೋಡುತ್ತಿದ್ದ. ಸೂಪು ಉಪ್ಪಾದದ್ದು ಅಡುಗೆಯ ತಪ್ಪು. ಅದನ್ನು ಅವರು ಉಣ್ಣುತ್ತಿರುವುದು ಬೇರೆಯದೇ.

"ಉಪ್ಪು ನಾನು ಹಾಕಿದ್ದು," ಎಂದೆ ಅವಸರದಲ್ಲಿ. "ಜಾಸ್ತಿ ಆಯ್ತು. ನನ್ನ ತಪ್ಪು."

ದೊನ್ಯಾರ ಚಮಚ ಅರ್ಧದಲ್ಲೇ ನಿಂತಿತು.

"ಉಪ್ಪನ್ನು ನಾನು ಹಾಕಿದ್ದೆನಲ್ಲ. ನೀನು ಕಿತ್ತಳೆಗೆ ಹೋಗಿದ್ದಾಗ." ಹೇಳುತ್ತ ಹೇಳುತ್ತಲೇ ಅವರಿಗೆ ಅರ್ಥವಾಯಿತು. ನಲವತ್ತು ವರ್ಷ ಹಾಕಿದ ಕೈ ತನ್ನಷ್ಟಕ್ಕೆ ಹಾಕಿತ್ತು. ಅದರ ಮೇಲೆ ನಾನು. ಅದರ ಮೇಲೆ ಚೀಸು. ಅವರು ನನ್ನನ್ನು ನೋಡಿದರು. "ನೀನು ರುಚಿ ನೋಡಿದೆಯಲ್ಲ."

ನಾನು ತಲೆ ಆಡಿಸಿದೆ, ಇಲ್ಲ ಎಂದು.

ಡ್ಯಾನಿಲೋ ಎದ್ದು ಅಮ್ಮನ ಪಕ್ಕದ ಕುರ್ಚಿಗೆ ಬಂದು ಕೂತ. ಆ ದಿನ ಮೊದಲ ಸಲ ಸ್ಪ್ಯಾನಿಷಿನಲ್ಲಿ ಮಾತಾಡಿದ. ಆ ವೇಗದಲ್ಲಿ ನನಗೆ ಅರ್ಥವಾದದ್ದು ಒಂದೇ ಮಾತು: ಎಂದಿನಿಂದ?

"ಆಗಸ್ಟ್," ಎಂದರು ಅವರು. ಆಮೇಲೆ ನನಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ, "ಒಂದು ಮೂಗಿಗೆ ಇಷ್ಟೊಂದು ಗಲಾಟೆ ಯಾಕೆ? ಕಣ್ಣಿದೆ, ಕಾಲಿದೆ, ಮನೆ ಗುಡಿಸುತ್ತೇನೆ, ಚರ್ಚಿಗೆ ಹೋಗುತ್ತೇನೆ. ಸೂಪಿಗೆ ಉಪ್ಪು ಹೆಚ್ಚಾದರೆ ಯಾರೂ ಸಾಯುವುದಿಲ್ಲ."

ಅವರು ನನ್ನ ಕಡೆ ನೋಡದೆಯೇ ಹಾಗೆಂದರು. ಈಗ ನಾನು ಸುಮ್ಮನಿದ್ದರೆ ಸಾಕಿತ್ತು. ಮೂಗು ಹೋಗಿದೆ, ಅಷ್ಟೇ ಅವನಿಗೆ ಗೊತ್ತಾಗಿರುವುದು; ಅಷ್ಟನ್ನು ಅವರು ಹೇಗೋ ವಾದ ಮಾಡಿ ಗೆಲ್ಲುತ್ತಾರೆ. ಗಡಿಯಾರ ಒಂದೂ ಐದು ತೋರಿಸುತ್ತಿತ್ತು. ಐದು ಗಂಟೆಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಒಲೆಯ ಮೇಲೆ ಹಾಲಿನ ಕೆಳಗೆ ನೀಲಿ ಉರಿ.

"ನಿನ್ನೆ ನಾನು ಬಂದಾಗ ಮನೆ ತುಂಬ ಗ್ಯಾಸ್ ಇತ್ತು," ಎಂದೆ. "ಇವರ ಕೈಯಲ್ಲಿ ಬೆಂಕಿಪೊಟ್ಟಣ ಇತ್ತು. ಅದು ಮೂರನೇ ಸಲ."

ಡ್ಯಾನಿಲೋ ಎದ್ದು ಹಿತ್ತಿಲ ಬಾಗಿಲಿನಿಂದ ಹೊರಗೆ ಹೋದ. ಗೋಡೆಯ ಆಚೆಯಿಂದ ಕಬ್ಬಿಣದ ಕೀಲಿ ಕಿರ್ರೆಂದು ತಿರುಗಿದ ಸದ್ದು ಬಂತು. ನಾವಿಬ್ಬರೂ ಒಲೆಯ ಕಡೆ ನೋಡಿದೆವು. ನೀಲಿ ಉರಿ ಕುಗ್ಗಿತು, ಹೂವಿನ ಹಾಗಿದ್ದದ್ದು ಮಣಿಗಳಾಯಿತು, ಇಲ್ಲವಾಯಿತು.

"ನೀನು ಸುಳ್ಳು ಹೇಳಿದೆ," ಎಂದರು ದೊನ್ಯಾ ಎಲ್ಸಾ.

"ಉಪ್ಪಿನ ವಿಷಯಕ್ಕೆ ಹೇಳಿದೆ."

"ಗ್ಯಾಸಿನ ವಿಷಯಕ್ಕೂ ಒಂದು ಸುಳ್ಳು ಹೇಳಬಹುದಿತ್ತು."

ಅಜ್ಜಿಯ ಮನೆ, ಎಂಜಲು, ಬೆರಳು ನೆಕ್ಕಿ ಕಲ್ಲಾದ ಸೊಸೆ, ಎಲ್ಲವನ್ನೂ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದೆ. ನವಿಲಿಲ್ಲದೆ. ಅವರು ಬಟ್ಟಲನ್ನು ಆಚೆ ಸರಿಸಿದರು.

"ರುಚಿ ನೋಡದವಳನ್ನು ರುಚಿ ನೋಡಲು ಮೆಲ್ಬರ್ನಿನಿಂದ ಕರೆಸಿಕೊಂಡೆ," ಎಂದರು. ಭುಜ ಅಲುಗಿತು. ಅಳುತ್ತಿದ್ದಾರೆಂದುಕೊಂಡೆ, ನಗುತ್ತಿದ್ದರು, ಕೋಪದಿಂದಲೇ.

ಡ್ಯಾನಿಲೋ ಒಳಗೆ ಬಂದು ಕೈ ತೊಳೆದುಕೊಂಡ. "ಈ ಒಲೆ ಇನ್ನು ಹೊತ್ತಲ್ಲ ಅಮ್ಮ. ಇನ್ನು ಮನೆ ವಿಷಯ..."

"ಒಲೆ ತೆಗೆದುಕೊಂಡು ಹೋಗು," ಎಂದು ಅವರು ತಡೆದರು. "ಈಗಲೇ ಕಿತ್ತುಕೊಂಡು ಹೋಗು. ಮನೆ ನನ್ನದು."

"ಬೆಂಕಿ ಇಲ್ಲದೆ ಇಲ್ಲಿ ಏನು ಮಾಡ್ಕೊಂಡು ತಿಂತೀಯಮ್ಮ?"

ದೊನ್ಯಾ ಎದ್ದರು. ಬಟ್ಟೆ ಒಗೆಯುವ ಕೋಣೆಗೆ ಹೋಗಿ, ಕಪಾಟಿನ ಮೇಲಿನಿಂದ ಏನನ್ನೋ ಎಳೆದುಕೊಂಡು ಬಂದು ಧಡಾರನೆ ಮೇಜಿನ ಮೇಲಿಟ್ಟರು. ನನ್ನ ರೈಸ್ ಕುಕ್ಕರ್. ನಾನು ಬಿಟ್ಟುಹೋದದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಟ್ಟಿದ್ದರು. ಅದರ ಒಂದು ಹಿಡಿ ಮುರಿದಿತ್ತು, ಅದಕ್ಕೆ ನಾನು ಸುತ್ತಿದ್ದ ಕೆಂಪು ದಾರ ಹಾಗೇ ಇತ್ತು.

"ಇದು ತಾನಾಗಿ ಆರುತ್ತದೆ," ಎಂದರು ಮಗನಿಗೆ. "ಇದಕ್ಕೆ ಮೂಗು ಬೇಡ."

ಅವನು ಕುಕ್ಕರನ್ನೂ ಅಮ್ಮನನ್ನೂ ನೋಡಿ ಹಣೆ ಒತ್ತಿಕೊಂಡ. ನಾಲ್ಕು ಗಂಟೆಯವರೆಗೆ ವಾದ ನಡೆಯಿತು. ಒಮ್ಮೆ ಅವನು ಹೊರಗೆ ಹೋಗಿ ಕಾರಿನಲ್ಲಿ ಕೂತು ಬಂದ. ಒಮ್ಮೆ ಅವರು ಕೋಣೆಯ ಬಾಗಿಲು ಹಾಕಿಕೊಂಡರು. ಕೊನೆಗೆ ಅವನು ಹೇಳಿದ್ದಿಷ್ಟು: ರಜೆ ಮುಗಿದು ಮಂಗಳವಾರ ಗ್ಯಾಸ್ ಸಂಪರ್ಕ ತೆಗೆಸುತ್ತಾನೆ, ಕರೆಂಟಿನ ಒಲೆ ಹಾಕಿಸುತ್ತಾನೆ, ದಿನಕ್ಕೆರಡು ಸಲ ಫೋನ್ ಮಾಡುತ್ತಾನೆ, ಅವರು ಒಮ್ಮೆ ಎತ್ತದಿದ್ದರೂ ಬಂದು ಕರೆದುಕೊಂಡು ಹೋಗುತ್ತಾನೆ. ಚಳಿಗಾಲ ಕಳೆಯಲಿ, ಆಮೇಲೆ ನೋಡೋಣ. ಎರಡು ಸಲ ಹೆಚ್ಚಾಯಿತು ಎಂದರು ಅವರು. ಎರಡು ಎಂದ ಅವನು. ಆಯಿತು ಎಂದರು.

ಆಮೇಲೆ ಪಾತ್ರೆಯ ಕಡೆ ತಿರುಗಿದರು. "ಗುಡ್ ಫ್ರೈಡೇ ದಿನ ಚೀಸು ಚೆಲ್ಲುವುದಿಲ್ಲ."

ಅರ್ಧ ಸಾರನ್ನು ಬೇರೆ ತೆಗೆದೆವು. ಉಳಿದದ್ದನ್ನು ಕುಕ್ಕರಿಗೆ ಸುರಿದು, ಬಿಸಿನೀರು, ಹಾಲು, ಉಪ್ಪಿಲ್ಲದ ಜೋಳದ ಹಿಟ್ಟು ಕಲಸಿ ಹಾಕಿದೆ. ಬೇಯಿಸಿದ ಆಲೂಗಡ್ಡೆ ಇತ್ತು, ಅದೂ ಸೇರಿತು. ಡ್ಯಾನಿಲೋ ಹಿತ್ತಿಲಿನಿಂದ ಇನ್ನೆರಡು ಕಿತ್ತಳೆ ತಂದು, ಯಾರೂ ಕೇಳದೆಯೇ ಹಿಂಡಿದ. ಕುಕ್ಕರಿನ ಮುಚ್ಚಳ ತಟತಟ ಎಂದಿತು. ದೊನ್ಯಾ ಕುರ್ಚಿ ಎಳೆದು ನನ್ನೆದುರು ಕೂತರು. ಮಧ್ಯಾಹ್ನದ ಹಾಗೇ ಎರಡು ಕೈ ಮೇಜಿನ ಮೇಲೆ.

"ಬಾಯಿ ತೆರೆ," ಎಂದರು. "ನಾನು ನೋಡಬೇಕು, ಒಳಗೆ ಹೋಗುವುದನ್ನು."

ಚಮಚ ಎತ್ತಿದೆ. ತುಟಿ ಬಿಗಿಯಿತು. ಬೆರಳ ತುದಿ ಜುಮ್ಮೆಂದಿತು, ಮೊಣಕೈವರೆಗೆ. ಬಾಯಿಗಿಟ್ಟುಕೊಂಡೆ.

ಅಷ್ಟರಲ್ಲಿ ಮೇಜಿನ ಮೇಲೆ ನನ್ನ ಫೋನು ನಡುಗಿತು. ಐದು ಗಂಟೆ. ಒತ್ತಿ ಕಿವಿಗಿಟ್ಟುಕೊಂಡೆ.

"ಹೇಳಿದೆಯೇನು?" ಎಂದ ಶ್ರೀನಾಥ್.

"ಹೇಳ್ದೆ. ಮೀಟರ್ ಬಂದ್ ಆಗಿದೆ."

ಅವನು ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ, "ಅಲ್ಲ, ಬಾಯಾಗ ಏನ ಇಟ್ಕೊಂಡೀ? ಮಾತು ಒಂಥರಾ ಬರಾಕತ್ತಾವು."

"ಸೂಪು. ರುಚಿ ನೋಡ್ತಿದೀನಿ."

"ನನ್ನ ಕೂಡ ಚ್ಯಾಷ್ಟಿ ಮಾಡಬ್ಯಾಡ," ಎಂದ.

ದೊನ್ಯಾ ಎಲ್ಸಾ ಬೆರಳಿನಿಂದ ಮೇಜನ್ನು ತಟ್ಟಿದರು. ಫೋನನ್ನು ಹಾಗೇ ಕೆಳಗಿಟ್ಟೆ.

"ಮೊದಲು ಹುಳಿ," ಎಂದೆ. "ನಾಲಿಗೆಯ ಎರಡು ಬದಿಗೆ. ಹಾಲು ಅದನ್ನು ಹಿಂದಕ್ಕೆ ಎಳೀತಿದೆ. ಜೋಳದ ಸಿಹಿ ಆಮೇಲೆ ಬರುತ್ತೆ, ನಿಧಾನಕ್ಕೆ. ಪುದೀನ ಇದೆ, ಮೂಗಿನ ಹತ್ತಿರ. ಉಪ್ಪು..."

"ಉಪ್ಪು?"

"ಇನ್ನೂ ಒಂಚೂರು ಜಾಸ್ತಿ."

ಅವರು ಕಣ್ಣು ಮುಚ್ಚಿಕೊಂಡಿದ್ದರು. ಗಂಟಲು ಆಡಿತು, ಏನನ್ನೋ ನುಂಗಿದ ಹಾಗೆ.

"ಹಾಗಾದರೆ ಇನ್ನೊಂದು ಲೋಟ ನೀರು," ಎಂದರು. "ಹಾಕಿ ಮತ್ತೆ ನೋಡು."